ಹಳೆಯ ವಾಲ್ವ್ ರೇಡಿಯೊ: ತಪ್ಪು ಕಲ್ಪನೆ ಮತ್ತು ಸತ್ಯ

ಟ್ರಾನ್ಸಿಸ್ಟರ್ ಬರುವ ಮೊದಲು ಯುರೋಪಿನ ಕಂಪನಿಗಳು ಏಷ್ಯಾ, ಆಫ್ರಿಕಾಗಳಿಗೆಂದೇ ಪ್ರತ್ಯೇಕವಾಗಿ ವಾಲ್ವ್ ರೇಡಿಯೊ ತಯಾರಿಸುತ್ತಿದ್ದವು. ಅಂಥ ಫಿಲಿಪ್ಸ್, ಮರ್ಫಿ ಪೆಟ್ಟಿಗೆಗಳು ನಮ್ಮ ಹಳೆಯ ಮನೆಗಳಲ್ಲಿ ಇಂದಿಗೂ ಸಿಗುತ್ತವೆ. ಅವುಗಳ ಬಗ್ಗೆ ಹಬ್ಬಿರುವ ತಪ್ಪು ಮಾತುಗಳಿಂದ ಎಷ್ಟೋ ಒಳ್ಳೆಯ ಸೆಟ್‌ಗಳು ಹಾಳಾಗುತ್ತಿವೆ.

ತಪ್ಪು ಕಲ್ಪನೆ: ಹೊರದೇಶಕ್ಕೆ ಕಳಿಸಿದ್ದು ಎರಡನೇ ದರ್ಜೆಯ ಮಾಲು.

ಸತ್ಯ: ಸೆಕೆ, ತೇವ ತಡೆಯಲೆಂದು ಇಂಥ ಸೆಟ್‌ಗಳ ಕಾಯಿಲ್, ಟ್ರಾನ್ಸ್‌ಫಾರ್ಮರ್‌ಗಳಿಗೆ ಮೇಣ, ವಾರ್ನಿಷ್ ಹಿಡಿಸುತ್ತಿದ್ದರು. ಹೆಚ್ಚಾಗಿ ಯುರೋಪಿನಲ್ಲಿ ಬಳಕೆಯಲ್ಲಿದ್ದ ಲಾಂಗ್ ವೇವ್ ಬಿಟ್ಟು, ದೂರದ ಸ್ಟೇಷನ್ ಹಿಡಿಯುವ ಶಾರ್ಟ್ ವೇವ್ ಬ್ಯಾಂಡ್‌ಗಳನ್ನು ಹೆಚ್ಚಿಸುತ್ತಿದ್ದರು. ಕರೆಂಟ್ ಇಲ್ಲದ ಊರುಗಳಿಗೆ ಬ್ಯಾಟರಿ ಸೆಟ್ ಹೋಗುತ್ತಿತ್ತು. ಇಂದಿನ ಜಾಂಬಿಯಾ ಆಗಿರುವ ಉತ್ತರ ರೊಡೇಷಿಯಾದ ಹಳ್ಳಿಗರಿಗಾಗಿ 1949ರಲ್ಲಿ ಎವರ್ ರೆಡಿ ಕಂಪನಿ ಅಲ್ಯೂಮಿನಿಯಂ ಪಾತ್ರೆಯೊಳಗೇ ನಾಲ್ಕು ವಾಲ್ವ್‌ಗಳ ರೇಡಿಯೊ ಕೂರಿಸಿತು. 'ಸಾಸ್‌ಪ್ಯಾನ್ ಸ್ಪೆಷಲ್' ಎಂದೇ ಅದು ಹೆಸರಾಯಿತು.

ತಪ್ಪು ಕಲ್ಪನೆ: ಎಫ್‌ಎಂ ಬರುತ್ತಿಲ್ಲ, ಅಂದಮೇಲೆ ರೇಡಿಯೊ ಕೆಟ್ಟಿದೆ.

ಸತ್ಯ: ಭಾರತದಲ್ಲಿ ಎಫ್‌ಎಂ ಶುರುವಾದದ್ದೇ 1977ರಲ್ಲಿ, ಮದರಾಸಿನಲ್ಲಿ. ಅದಕ್ಕೂ ಮೊದಲು ಇಲ್ಲಿಗೆ ಬಂದ ಸೆಟ್‌ಗಳಲ್ಲಿ ಸಾಮಾನ್ಯವಾಗಿ ಮೀಡಿಯಂ ವೇವ್, ಶಾರ್ಟ್ ವೇವ್ ಮಾತ್ರ ಇರುತ್ತವೆ. ಉದ್ದನೆಯ ಏರಿಯಲ್ ತಂತಿ ಕಟ್ಟಿ, ಸಂಜೆಯ ಮೇಲೆ ಮೀಡಿಯಂ ವೇವ್‌ನಲ್ಲಿ ಹುಡುಕಿ. ಕತ್ತಲಾದ ಮೇಲೆ ಅದರ ಅಲೆಗಳು ಹಗಲಿಗಿಂತ ದೂರ ಸಾಗುತ್ತವೆ.

ತಪ್ಪು ಕಲ್ಪನೆ: ವಾಲ್ವ್‌ನೊಳಗೆ ಲಕ್ಷಾಂತರ ಬೆಲೆಯ 'ಕೆಂಪು ಪಾದರಸ' ಇದೆ.

ಸತ್ಯ: ಇದು ಶುದ್ಧ ಮೋಸ. ಅಂಥ ಪವಾಡದ ವಸ್ತುವೇ ಇಲ್ಲ. ಗಾಜಿನ ಒಳಗೆ ಬೆಳ್ಳಿಯಂತೆ ಹೊಳೆಯುವುದು ಬೇರಿಯಂ ಲೇಪ. ಒಳಗುಳಿದ ಅನಿಲವನ್ನು ಹೀರಿ ನಿರ್ವಾತ ಕಾಪಾಡುವುದು ಅದರ ಕೆಲಸ. ಆ ಲೇಪ ಹಾಲಿನಂತೆ ಬೆಳ್ಳಗಾಗಿದ್ದರೆ ಒಳಗೆ ಗಾಳಿ ಹೊಕ್ಕಿದೆ, ವಾಲ್ವ್ ಸತ್ತಿದೆ ಎಂದರ್ಥ. ಕೆಂಪು ಪಾದರಸದ ಗಾಳಿಮಾತು ನಂಬಿ ವಾಲ್ವ್ ಒಡೆದರೆ ಸಿಗುವುದು ಗಾಜಿನ ಚೂರು ಮಾತ್ರ.

ತಪ್ಪು ಕಲ್ಪನೆ: ಪ್ಲಗ್ ಹಾಕಿದಾಗ ದೀಪ ಹತ್ತಿದರೆ ಎಲ್ಲ ಸರಿ ಇದೆ.

ಸತ್ಯ: ದಶಕಗಳಿಂದ ಸುಮ್ಮನಿದ್ದ ಸೆಟ್‌ನ ಪೇಪರ್ ಕಂಡೆನ್ಸರ್‌ಗಳು ಲೀಕ್ ಆಗಿರುತ್ತವೆ, ನೇರವಾಗಿ ಕರೆಂಟ್ ಕೊಟ್ಟರೆ ಟ್ರಾನ್ಸ್‌ಫಾರ್ಮರೇ ಸುಟ್ಟೀತು. ವೋಲ್ಟೇಜ್ ಆಯ್ಕೆ 110ರಲ್ಲಿ ಉಳಿದಿದ್ದರೂ ಅದೇ ಗತಿ. ವಾಲ್ವ್‌ಗಳ ಹೆಸರು ಯುಸಿಎಚ್, ಯುಎಲ್, ಯುವೈ ಎಂದು ಶುರುವಾಗುತ್ತಿದ್ದರೆ ಅದು ಎಸಿ, ಡಿಸಿ ಎರಡರಲ್ಲೂ ನಡೆಯುವ ಸೆಟ್. ಮೇನ್ಸ್ ಟ್ರಾನ್ಸ್‌ಫಾರ್ಮರ್ ಇಲ್ಲದ ಇಂಥ ಸೆಟ್‌ನ ಲೋಹದ ಚಾಸಿಗೇ ಕರೆಂಟ್ ಹರಿಯಬಹುದು. ಮುಟ್ಟಿದರೆ ಜೀವಕ್ಕೆ ಅಪಾಯ.

ಆದ್ದರಿಂದ ರೇಡಿಯೊ ಕೈಗೆ ಬಂದ ಕೂಡಲೇ ಪ್ಲಗ್ ಹಾಕಬೇಡಿ. ಹಿಂಬದಿಯ ಹಲಗೆಯ ಮೇಲಿನ ಮಾಡೆಲ್ ನಂಬರ್, ವೋಲ್ಟೇಜ್, ವಾಲ್ವ್‌ಗಳ ಹೆಸರು ಬರೆದುಕೊಳ್ಳಿ. ವಾಲ್ವ್ ಕೆಲಸ ಬಲ್ಲ ಮೆಕ್ಯಾನಿಕ್‌ಗೆ ತೋರಿಸಿ, ಕಂಡೆನ್ಸರ್ ಬದಲಿಸಿ, ಮೊದಲ ಸಲ ಸೀರೀಸ್ ಬಲ್ಬ್ ಮೂಲಕವೇ ಚಾಲೂ ಮಾಡಿಸಿ.