ಹಳೆಯ ಮೋಟಾರಿಗೆ ಮರುಜೀವ: ಅಲ್ಪ ಬಂಡವಾಳದವರಿಗೆ ಕೆಲವು ಮಾತು

ಕೊಲ್ಹಾಪುರದ ದಸರೆಯ ದಿನ ಸೀಮೋಲ್ಲಂಘನಕ್ಕೆಂದು ದಸರಾ ಚೌಕದಲ್ಲಿ ನೆರೆಯುವ ಜನಸಮೂಹದ ದೃಷ್ಟಿಯೆಲ್ಲ ಒಮ್ಮೆ ಹೊರಳುವುದು ರಾಜಮನೆತನದ ಮೇಬ್ಯಾಕ್ ಮೋಟಾರಿನ ಕಡೆಗೆ. ಎರಡನೆಯ ಮಹಾಯುದ್ಧಕ್ಕಿಂತ ಮುಂಚೆ ಜರ್ಮನಿಯಲ್ಲಿ ತಯಾರಾದ ಆ ಗಾಡಿಯನ್ನು ಕಂಡಾಗ ಹಳೆಯ ಯಂತ್ರವೊಂದು ಜೋಪಾನವಾಗಿ ಉಳಿದರೆ ಎಂಥ ಗೌರವ ಪಡೆಯಬಲ್ಲುದೆಂಬುದು ಮನಸ್ಸಿಗೆ ಬರುತ್ತದೆ. ಆದರೆ ಅರಮನೆಯ ಮೋಟಾರಿಗೆ ಅರಮನೆಯ ಆಶ್ರಯವುಂಟು. ಮಹಾಗಾಂವ, ಗಡಹಿಂಗ್ಲಜ, ಸಂಕೇಶ್ವರಗಳ ಸುತ್ತಿನ ಊರುಗಳಲ್ಲಿ ಹಿತ್ತಲಿನ ಗೋಡೆಗೆ ಆತುಕೊಂಡು, ಮೇಲೆ ತಾಡಪತ್ರಿ ಹೊದ್ದು, ಒಳಗೆ ಕೋಳಿ ಮೊಟ್ಟೆಯಿಡಲು ಎಡೆಗೊಟ್ಟು ನಿಂತಿರುವ ಫಿಯಟ್, ಅಂಬಾಸಡರ್, ಜೀಪುಗಳಿಗೆ ಯಾರ ಆಶ್ರಯ? ಗುಜರಿಯವನು ತೂಕದ ಲೆಕ್ಕದಲ್ಲಿ ಬೆಲೆ ಹೇಳಿ ಹೋಗುತ್ತಾನೆ. ಮನೆಯ ತರುಣನೊಬ್ಬ ಮಾತ್ರ, “ಇದನ್ನು ಮತ್ತೆ ನಡೆಸಲಾಗದೇ?” ಎಂದು ಕೇಳುತ್ತಾನೆ. ಅಂಥ ತರುಣರಿಗಾಗಿ, ಅವರಿಗೆ ಹಣ ಕೊಡಬೇಕಾದ ಹಿರಿಯರಿಗಾಗಿ ಈ ಲೇಖನ.

ಹಳೆಯ ಮೋಟಾರುಗಳನ್ನು ಪುನರುಜ್ಜೀವನಗೊಳಿಸುವ ಹವ್ಯಾಸ ಅಮೇರಿಕೆಯಲ್ಲಿ ಬಹು ವ್ಯಾಪಕವಾದುದು. ಅಲ್ಲಿಯವರ ಮೆಚ್ಚಿನ ಗಾಡಿಗಳು 1964ರಲ್ಲಿ ಬಂದ ಪಾಂಟಿಯಾಕ್ ಜಿ.ಟಿ.ಓ.ದಂಥ ಬಲಾಢ್ಯ ಕಾರುಗಳು. ಎಂಟು ಸಿಲಿಂಡರುಗಳ ಅದರ ಎಂಜಿನಿನ ಗಾತ್ರ ಸುಮಾರು 6,400 ಘನ ಸೆಂಟಿಮೀಟರು. ಅದೇ 1964ರಲ್ಲಿ ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಸಂಸ್ಥೆ ತಯಾರಿಸತೊಡಗಿದ ಫಿಯಟ್ 1100 ಡಿಲೈಟ್ ಕಾರಿನ ಎಂಜಿನು ಬರಿಯ 1,089 ಘನ ಸೆಂಟಿಮೀಟರಿನದು, ನಾಲ್ಕು ಸಿಲಿಂಡರಿನದು. ಅದಕ್ಕೇ 1974ರ ಸುಮಾರಿಗೆ ಪ್ರೀಮಿಯರ್ ಪದ್ಮಿನಿ ಎಂಬ ಹೆಸರಾಯಿತು. ಸಂಸ್ಥೆಯನ್ನು 1944ರಲ್ಲಿ ಸ್ಥಾಪಿಸಿದ ವಾಲಚಂದ ಹಿರಾಚಂದರು ನಮ್ಮ ನೆರೆಯ ಸೋಲಾಪುರದವರು. 1940ರಲ್ಲಿ ಮೈಸೂರು ಸರಕಾರದ ನೆರವಿನೊಡನೆ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆಯನ್ನು ಆರಂಭಿಸಿದವರೂ ಅವರೇ. ಹಣ ಕಟ್ಟಿ ವರ್ಷಗಟ್ಟಲೆ ಕಾಯ್ದು ಪದ್ಮಿನಿಯನ್ನು ಮನೆಗೆ ತಂದ ಕುಟುಂಬಗಳು ಅನೇಕ. 2001ರ ಹೊತ್ತಿಗೆ ಅದರ ತಯಾರಿಕೆ ನಿಂತಿತು. ಮುಂಬಯಿಯ ಕಪ್ಪು-ಹಳದಿ ಟ್ಯಾಕ್ಸಿಗಳ ಪೈಕಿ ಕೊನೆಯ ಪದ್ಮಿನಿಯ ಅವಧಿ 2023ರ ಅಕ್ಟೋಬರದಲ್ಲಿ ಮುಗಿಯಿತು. ಅಲ್ಪ ಬಂಡವಾಳದವನು ಕೈಹಾಕಲು ನಮ್ಮ ಕಡೆ ಇದಕ್ಕಿಂತ ತಕ್ಕ ಗಾಡಿ ದೊರೆಯುವುದು ಕಷ್ಟ. ಆದುದರಿಂದ ಪದ್ಮಿನಿಯನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ.

ಈ ಕೆಲಸದಲ್ಲಿ ಸೋಲುವವರು ಸಾಮಾನ್ಯವಾಗಿ ಸೋಲುವುದು ಹಣ ಕಡಿಮೆಯಾದುದರಿಂದಲ್ಲ, ಕ್ರಮ ತಪ್ಪಿದುದರಿಂದ. ಮೊದಲ ಉತ್ಸಾಹದಲ್ಲಿ ಗಾಡಿಯನ್ನೆಲ್ಲ ಬಿಚ್ಚಿ ಹರವುತ್ತಾರೆ. ಎಂಜಿನಿಗೋ ಬಣ್ಣಕ್ಕೋ ಕೈಯಲ್ಲಿದ್ದುದನ್ನು ಸುರಿಯುತ್ತಾರೆ. ಆಮೇಲೆ ಕಾಗದಪತ್ರವಿಲ್ಲವೆಂದೋ ತಳ ಕೊಳೆತಿದೆಯೆಂದೋ ಗೊತ್ತಾಗುತ್ತದೆ. ಬಿಚ್ಚಿ ಬಿಟ್ಟ ಗಾಡಿಗೆ ನಿಂತ ಗಾಡಿಯಷ್ಟೂ ಬೆಲೆಯಿಲ್ಲ. ಕಾಗದ, ತುಕ್ಕು, ಬ್ರೇಕು, ಎಂಜಿನು, ಕೊನೆಗೆ ಬಣ್ಣ — ಬಡವನ ಪಾಲಿಗೆ ಈ ಕ್ರಮವೇ ಅರ್ಧ ಬಂಡವಾಳ.

ಮೊದಲು ಕಾಗದ

ಗಡಿಯಲ್ಲಿ ವಾಸಿಸುವ ನಮಗೆ ಇದು ಎಲ್ಲಕ್ಕಿಂತ ಮುಖ್ಯ. ಮಹಾಗಾಂವದಿಂದ ಸಂಕೇಶ್ವರ ದೂರದ ಊರಲ್ಲ. ಅಲ್ಲಿಯೋ ನಿಪ್ಪಾಣಿ, ಬೆಳಗಾವಿಗಳಲ್ಲಿಯೋ ಅಗ್ಗದ ಗಾಡಿ ಸಿಕ್ಕೀತು. ಬೀಗರ ಮನೆಗೆ ಹೋಗಿಬರುವಾಗ ಗಡಿ ನಮ್ಮ ಲಕ್ಷ್ಯಕ್ಕೆ ಬರುವುದೇ ಇಲ್ಲ. ಮೋಟಾರಿಗೆ ಮಾತ್ರ ಅದು ತಪ್ಪದು. 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಬೇರೆ ರಾಜ್ಯದಲ್ಲಿ ನೋಂದಾಯಿಸಿದ ಗಾಡಿಯನ್ನು ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿ ಇಟ್ಟುಕೊಂಡರೆ ಇಲ್ಲಿಯ ನೋಂದಣಿ ಸಂಖ್ಯೆ ಪಡೆಯಬೇಕು. ಅದಕ್ಕೆ ಮೊದಲಿನ ಸಾರಿಗೆ ಕಚೇರಿಯ ನಿರಾಕ್ಷೇಪಣಾ ಪತ್ರ ಬೇಕು. ಇಲ್ಲಿಯ ತೆರಿಗೆಯನ್ನೂ ತುಂಬಬೇಕು. ಕರ್ನಾಟಕದ ಗಾಡಿ ಅಗ್ಗವಾಗಿ ಸಿಕ್ಕಿತೆಂದು ಹಿಗ್ಗುವ ಮುನ್ನ ಈ ಖರ್ಚನ್ನು ಕೂಡಿಸಿ ನೋಡಬೇಕು.

ಗಾಡಿ ಮನೆಯದೇ ಆಗಿದ್ದರೂ ಚಿಂತೆ ತಪ್ಪದು. ನೋಂದಣಿ ಇನ್ನೂ ತೀರಿಹೋದ ಅಜ್ಜನವರ ಹೆಸರಿನಲ್ಲಿದ್ದರೆ ವಾರಸದಾರನ ಹೆಸರಿಗೆ ವರ್ಗವಾಗಬೇಕು. ಅಣ್ಣತಮ್ಮಂದಿರ ಒಪ್ಪಿಗೆಯನ್ನು ಆಗಲೇ ಬರೆಯಿಸಿಕೊಳ್ಳುವುದು ಲೇಸು. ಸ್ವಂತ ಬಳಕೆಯ ಕಾರಿನ ನೋಂದಣಿಯ ಅವಧಿ ಹದಿನೈದು ವರ್ಷ; ಅನಂತರ ಐದೈದು ವರ್ಷಗಳಿಗೆ ನವೀಕರಣ. ಇದರ ಶುಲ್ಕವನ್ನು 2022ರ ಏಪ್ರಿಲದಿಂದ 600 ರೂಪಾಯಿಯಿಂದ 5,000 ರೂಪಾಯಿಗೆ ಏರಿಸಲಾಯಿತು. ಗಾಡಿ ಹಳತಾದಷ್ಟೂ ಹೊರೆ ಹೆಚ್ಚುವುದರಿಂದ ಸದ್ಯದ ದರವನ್ನು ಕೊಲ್ಹಾಪುರದ ಸಾರಿಗೆ ಕಚೇರಿಯಲ್ಲಿ ಮೊದಲೇ ವಿಚಾರಿಸಬೇಕು. ಐವತ್ತು ವರ್ಷ ದಾಟಿದ ಗಾಡಿಗಳಿಗಾಗಿ 2021ರ ಜುಲೈಯಲ್ಲಿ ಕೇಂದ್ರ ಸರಕಾರ ಪ್ರತ್ಯೇಕ ನಿಯಮಗಳನ್ನು ಮಾಡಿತು. ಹೊಸದಾಗಿ ಅದರಡಿ ನೋಂದಾಯಿಸಲು ಶುಲ್ಕ 20,000 ರೂಪಾಯಿ. ಚಾಸಿ, ಕವಚ, ಎಂಜಿನುಗಳನ್ನು ಮಹತ್ತಾಗಿ ಮಾರ್ಪಡಿಸಿರಬಾರದು. ಅಂಥ ಗಾಡಿಯನ್ನು ಪ್ರದರ್ಶನ, ರ‍್ಯಾಲಿಗಳಿಗೆ ಒಯ್ಯಬಹುದೇ ಹೊರತು ದಿನಬಳಕೆಗೆ ಓಡಿಸುವಂತಿಲ್ಲ. ಸಂತೆಗೆ, ಹೊಲಕ್ಕೆ ಗಾಡಿ ಬೇಕೆನ್ನುವವನಿಗೆ ಈ ಹಾದಿ ಹಿತವಲ್ಲ.

ಕಾಗದದ ಮೇಲಿನ ಚಾಸಿ ಸಂಖ್ಯೆ, ಎಂಜಿನು ಸಂಖ್ಯೆಗಳು ಗಾಡಿಯ ಮೇಲೆ ಕೊರೆದ ಸಂಖ್ಯೆಗಳಿಗೆ ಅಕ್ಷರಶಃ ತಾಳೆಯಾಗಬೇಕು. ಆಗದಿದ್ದರೆ ಆ ಗಾಡಿಯನ್ನು ಕೊಳ್ಳತಕ್ಕದ್ದಲ್ಲ.

ತುಕ್ಕಿನ ಪರೀಕ್ಷೆ

ಎಂಜಿನು ಕೆಟ್ಟಿದೆಯೆಂದು ಅಂಜುವವರೇ ಹೆಚ್ಚು. ನಿಜವಾಗಿ ಅಂಜಬೇಕಾದುದು ತುಕ್ಕಿಗೆ. ಜೀಪಿಗಾದರೆ ಕೆಳಗೆ ಬೇರೆಯಾದ ಗಟ್ಟಿ ಚೌಕಟ್ಟುಂಟು. ಪದ್ಮಿನಿಗೆ ಹಾಗಿಲ್ಲ, ತಳ, ಕಂಬ, ಮಾಡು ಎಲ್ಲ ಕೂಡಿ ಒಂದೇ ಪೆಟ್ಟಿಗೆಯಾಗಿ ಭಾರ ಹೊರುತ್ತವೆ. ತಳದ ತಗಡು ಕೊಳೆತರೆ ಗಾಡಿಯ ಬೆನ್ನೆಲುಬೇ ಕೊಳೆತಂತೆ. ಆಜರೆಯ ಕಡೆಯಿಂದ ಬೀಸಿಬರುವ ನಮ್ಮ ಮಳೆಗಾಲ ಈ ರೋಗಕ್ಕೆ ಪೋಷಕ.

ಪರೀಕ್ಷೆಗೆ ಹಣ ಬೇಕಿಲ್ಲ. ತೆಳು ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಗಾಡಿಯ ಮೈಮೇಲೆ ಎಳೆಯಿರಿ; ಅಂಟದ ಕಡೆ ಬಣ್ಣದ ಕೆಳಗೆ ತಗಡಿಲ್ಲ, ಪುಟ್ಟಿಯಿದೆ ಎಂದರ್ಥ. ಕಾಲಡಿಯ ಹಾಸನ್ನು ಎತ್ತಿ ತಳವನ್ನು ಮೊನೆಯುಳ್ಳ ಕಬ್ಬಿಣದಿಂದ ಒತ್ತಿ ನೋಡಿರಿ. ಬಾಗಿಲುಗಳ ಕೆಳಗೆ ಹೊಸ್ತಿಲಿನಂತೆ ಉದ್ದಕ್ಕೂ ಓಡುವ ಟೊಳ್ಳು ಪಟ್ಟಿ, ಜ್ಯಾಕು ಕೊಡುವ ಜಾಗ, ಹಿಂದಿನ ಸ್ಪ್ರಿಂಗುಗಳನ್ನು ಹಿಡಿದಿರುವ ಜಾಗ, ಬ್ಯಾಟರಿಯ ಕೆಳಭಾಗ — ಇವಿಷ್ಟು ಗಟ್ಟಿಯಿದ್ದರೆ ಮುಂದುವರಿಯಬಹುದು. ಬಾಗಿಲು ತೆರೆದಾಗ ಜೋತುಬಿದ್ದು, ಮುಚ್ಚುವಾಗ ಎತ್ತಿ ಹಾಕಬೇಕಾದರೆ ಕೀಲು ಸವೆದಿದೆಯೋ ಕಂಬವೇ ಕುಸಿದಿದೆಯೋ ನೋಡಬೇಕು. ಹೊಸ್ತಿಲ ಪಟ್ಟಿಯನ್ನು ಕತ್ತರಿಸಬೇಕಾದಲ್ಲಿ ಮೊದಲು ಒಳಗೆ ಅಡ್ಡಕಂಬಿ ಕೊಟ್ಟು, ಒಂದು ಮಗ್ಗಲು ಪೂರ್ತಿ ಬೆಸೆದ ಮೇಲೆಯೇ ಇನ್ನೊಂದಕ್ಕೆ ಕೈಯಿಡಬೇಕು. ಎರಡನ್ನೂ ಒಮ್ಮೆಗೇ ಕತ್ತರಿಸಿದರೆ ಗಾಡಿ ನಡುವೆ ಬಾಗಿ, ಬಾಗಿಲುಗಳು ಮುಂದೆಂದೂ ಸರಿಯಾಗಿ ಕೂಡ್ರಲಾರವು.

ಬಿಚ್ಚುವ ಶಿಸ್ತು

ಒಂದು ಸಲಕ್ಕೆ ಒಂದೇ ಭಾಗವನ್ನು ಬಿಚ್ಚಿರಿ. ಅದನ್ನು ಮುಗಿಸಿ ಜೋಡಿಸಿದ ಬಳಿಕ ಮುಂದಿನದು. ಪ್ರತಿಯೊಂದನ್ನೂ ಬಿಚ್ಚುವ ಮೊದಲು ಮೊಬೈಲಿನಲ್ಲಿ ಚಿತ್ರ ತೆಗೆಯಿರಿ. ಬೋಲ್ಟುಗಳನ್ನು ಬೇರೆ ಬೇರೆ ಡಬ್ಬಿಗಳಲ್ಲಿಟ್ಟು ಚೀಟಿ ಅಂಟಿಸಿರಿ. ಹಳೆಯ ಭಾಗ ಎಷ್ಟೇ ಸವೆದಿರಲಿ, ಹೊಸದು ಕೈಗೆ ಬಂದು ತಾಳೆಯಾಗುವವರೆಗೆ ಎಸೆಯಬಾರದು. ತೊಳೆಯುವುದು, ಉಜ್ಜುವುದು, ತುಕ್ಕು ಕೆರೆಯುವುದು ಇವೆಲ್ಲ ಮನೆಯಲ್ಲಿ ಆಗುವ ಕೆಲಸ, ಉಳಿತಾಯವೂ ಇಲ್ಲಿಯೇ. ಬೆಸುಗೆ, ಸಿಲಿಂಡರಿನ ಬೋರಿಂಗು, ಕ್ರ್ಯಾಂಕಿನ ಸಾಣೆ ಇವು ಕುಶಲಿಗಳ ಪಾಲು. ಕೊಲ್ಹಾಪುರದ ಉದ್ಯಮನಗರ, ಬೆಳಗಾವಿಯ ಉದ್ಯಮಬಾಗಗಳು ನಮ್ಮ ಎರಡೂ ಮಗ್ಗಲಿಗಿರುವುದು ಗಡಿನಾಡಿನ ಭಾಗ್ಯವೆನ್ನಬೇಕು. ಬಿಡಿಭಾಗಗಳಿಗೆ ಮುಂಬಯಿಯ ಕುರ್ಲಾ, ಬೆಂಗಳೂರಿನ ಜೆ.ಸಿ. ರಸ್ತೆಗಳ ಹಳೆಯ ಅಂಗಡಿಗಳನ್ನು ವಿಚಾರಿಸಬಹುದು.

ಗಾಡಿಯ ಕೆಳಗೆ ಹೋಗುವಾಗ ಜ್ಯಾಕೊಂದನ್ನೇ ನೆಚ್ಚಬಾರದು. ಗಟ್ಟಿಯಾದ ಊರೆಗಾಲು ಇರಲೇಬೇಕು. ಇಟ್ಟಂಗಿ ಊರೆಯಲ್ಲ, ಅದು ಒಡೆಯುತ್ತದೆ.

ಬ್ರೇಕು, ಆಮೇಲೆ ಎಂಜಿನು

ಪದ್ಮಿನಿಯ ನಾಲ್ಕೂ ಗಾಲಿಗಳಿಗೆ ಡ್ರಮ್ ಬ್ರೇಕುಗಳು. ಬಹುಕಾಲ ನಿಂತ ಗಾಡಿಯಲ್ಲಿ ಒಳಗಿನ ರಬ್ಬರುಗಳು ಸೆಟೆದಿರುತ್ತವೆ, ಬ್ರೇಕಿನ ಎಣ್ಣೆ ನೀರು ಹೀರಿರುತ್ತದೆ. ಇವನ್ನೂ ಬ್ರೇಕಿನ ರಬ್ಬರು ಕೊಳವೆಗಳನ್ನೂ ಬದಲಿಸದೆ ಗಾಡಿಯನ್ನು ಅಂಗಳದಾಚೆ ಒಯ್ಯಬಾರದು. ಹಳೆಯ ಲೈನಿಂಗುಗಳಲ್ಲಿ ಪುಪ್ಪುಸಕ್ಕೆ ಮಾರಕವಾದ ಆಸ್ಬೆಸ್ಟಾಸ್ ಇರುವುದುಂಟು. ಡ್ರಮ್ಮಿನ ಧೂಳನ್ನು ಊದದೆ ಒದ್ದೆ ಬಟ್ಟೆಯಿಂದ ಒರಸಬೇಕು. ಟಯರಿನ ಅಚ್ಚು ಅಳಿಯದಿದ್ದರೂ ಮಗ್ಗಲು ಬಿರಿದಿದ್ದರೆ ಅದು ನಿರುಪಯೋಗಿ.

ಎಂಜಿನಿಗೆ ಅವಸರದಿಂದ ಬ್ಯಾಟರಿ ಜೋಡಿಸಬೇಡಿರಿ. ಸ್ಪಾರ್ಕ್ ಪ್ಲಗ್ಗುಗಳನ್ನು ತೆಗೆದು ಪ್ರತಿ ಸಿಲಿಂಡರಿನೊಳಗೆ ತುಸು ಎಂಜಿನು ಎಣ್ಣೆ ಬಿಟ್ಟು ಒಂದು ರಾತ್ರಿ ನೆನೆಯಗೊಡಿರಿ. ಮರುದಿನ ಕೈಯಿಂದ ಮೆಲ್ಲನೆ ತಿರುಗಿಸಿರಿ. ಸಲೀಸಾಗಿ ತಿರುಗಿದರೆ ಹಳೆಯ ಎಣ್ಣೆ, ಹಳೆಯ ಪೆಟ್ರೋಲು ಬಸಿದು, ಟಾಕಿ ತೊಳೆದು, ಕಾರ್ಬ್ಯುರೇಟರು ಸ್ವಚ್ಛಗೊಳಿಸಿ ಚಾಲೂ ಮಾಡಿರಿ. ನಾಲ್ಕೂ ಸಿಲಿಂಡರುಗಳ ಒತ್ತಡ ಹೆಚ್ಚುಕಡಿಮೆ ಸಮವಾಗಿದ್ದರೆ ಎಂಜಿನು ಬಿಚ್ಚುವ ಆಸೆಯನ್ನು ಬಿಟ್ಟುಬಿಡುವುದೇ ಜಾಣತನ.

ಇಲ್ಲಿ ಹೊಸ ಕಾಲದ ತೊಡಕೊಂದಿದೆ. 2023ರಿಂದ ಹಂತಹಂತವಾಗಿ ದೇಶದಲ್ಲಿ ನೂರಕ್ಕೆ ಇಪ್ಪತ್ತರಷ್ಟು ಎಥನಾಲ್ ಬೆರೆತ ಪೆಟ್ರೋಲು ಬಂದಿದೆ. ನಮ್ಮದೇ ಕಬ್ಬಿನ ಸೀಮೆಗೆ ಅದರಿಂದ ಲಾಭವುಂಟು. ಹಳೆಯ ಕಾರಿನ ರಬ್ಬರಿಗೆ ಮಾತ್ರ ಅದು ವೈರಿ. ಎಥನಾಲ್ ನೀರನ್ನು ಹೀರುತ್ತದೆ, ಹಳೆಯ ರಬ್ಬರು ಕೊಳವೆಗಳನ್ನು ಮೆತ್ತಗಾಗಿಸಿ ಬಿರಿಯಿಸುತ್ತದೆ. ಪೆಟ್ರೋಲು ಸೋರಿದರೆ ಬೆಂಕಿಯ ಭಯ. ಆದುದರಿಂದ ಎಥನಾಲ್ ತಾಳುವ ಹೊಸ ಕೊಳವೆಗಳನ್ನು ಹಾಕಬೇಕು. ಟಾಕಿಯಲ್ಲಿ ಪೆಟ್ರೋಲು ತಿಂಗಳುಗಟ್ಟಲೆ ನಿಲ್ಲಗೊಡಬಾರದು.

ಬಣ್ಣ ಕೊನೆಗೆ, ಲೆಕ್ಕ ಮೊದಲಿಗೆ

ಬಣ್ಣ ಎಲ್ಲರ ಕಣ್ಣಿಗೆ ಕಾಣುವುದರಿಂದ ಅದರ ಆಸೆ ದೊಡ್ಡದು. ಆದರೆ ತುಕ್ಕಿನ ಮೇಲೆ ಬಳಿದ ಬಣ್ಣ ಎರಡು ಮಳೆಗಾಲ ಬಾಳುವುದೂ ಕಷ್ಟ. ಒಂದು ವರ್ಷ ಬರಿಯ ಪ್ರೈಮರಿನಲ್ಲಿಯೇ ಗಾಡಿ ನಿಂತರೂ ನಾಚಿಕೆಪಡಬೇಕಾಗಿಲ್ಲ. ಮಳೆ ತಾಗದಂತೆ ಮಾತ್ರ ಕಾಯಬೇಕು.

ಕಡೆಯದಾಗಿ ಮನೆಯ ಮಾತು. ಕೆಲಸ ಆರಂಭಿಸುವ ಮುನ್ನ ಮನೆಯವರೆಲ್ಲ ಕುಳಿತು ಒಂದು ಮೊತ್ತವನ್ನು ಗೊತ್ತುಪಡಿಸಬೇಕು. ಅದರಲ್ಲಿ ಮೂರನೆಯ ಒಂದು ಪಾಲನ್ನು ಅನಿರೀಕ್ಷಿತ ಖರ್ಚಿಗಾಗಿ ಮುಟ್ಟದೆ ಇಡಬೇಕು. ಮಕ್ಕಳ ಶಾಲೆಯ ಹಣ, ಬಿತ್ತನೆಯ ಹಣ ಇವು ಗಾಡಿಗೆ ವರ್ಗವಾಗಕೂಡದು. ಸಾಲ ಮಾಡಿ ಈ ಹವ್ಯಾಸ ಬೆಳೆಸಕೂಡದು. ಪ್ರತಿಯೊಂದು ಖರ್ಚನ್ನೂ ವಹಿಯಲ್ಲಿ ಬರೆದಿಡಬೇಕು. ಕಾಗದ ಮತ್ತು ತುಕ್ಕಿನ ಪರೀಕ್ಷೆಗಳಲ್ಲಿ ಗಾಡಿ ಸೋತರೆ ಅದನ್ನು ಬಿಡಿಭಾಗಗಳಿಗಾಗಿ ಇನ್ನೊಬ್ಬ ಹವ್ಯಾಸಿಗೆ ಕೊಡುವುದರಲ್ಲಿ ಹೀನಾಯವೇನೂ ಇಲ್ಲ. ಒಂದರ ಬಾಗಿಲು, ದೀಪ, ಗೇರುಗಳಿಂದ ಮತ್ತೊಂದು ಬದುಕಿಕೊಳ್ಳುತ್ತದೆ. ಗೆದ್ದರೆ ಮಾತ್ರ ಅವಸರಪಡದೆ, ಒಂದೊಂದೇ ಭಾಗವನ್ನು ಮುಗಿಸುತ್ತ ನಡೆಯಿರಿ. ಬೇಸಿಗೆಯ ರಜೆಯೊಂದರಲ್ಲಿ ಕಾಗದ ಮತ್ತು ತಳ ಸರಿಯಾದರೂ ಆ ವರ್ಷದ ದುಡಿಮೆ ಸಾರ್ಥಕವಾಯಿತೆಂದೇ ತಿಳಿಯಬೇಕು.