ಮೀಟರ್ 12 ತೋರಿಸಿದರೂ ಬ್ರೇಕ್ ಹಿಡಿಯದಿದ್ದಾಗ

ಹತ್ತನೆಯ ತರಗತಿಯ ವಿದ್ಯುಚ್ಛಕ್ತಿ ಘಟಕದಲ್ಲಿ ಓಮ್‌ನ ನಿಯಮದ ಲೆಕ್ಕಗಳನ್ನು ಮಕ್ಕಳು ಬೇಗ ಕಲಿಯುತ್ತಾರೆ. ವಿಭವಾಂತರ ಎಂದರೇನು ಎಂಬುದು ಮಾತ್ರ ನಿಧಾನವಾಗಿ ತಲೆಗಿಳಿಯುತ್ತದೆ. ‘ತಂತಿಯ ತುದಿಯಲ್ಲಿ 12 ವೋಲ್ಟ್ ಇದೆ, ಅಂದಮೇಲೆ ತಂತಿ ಸರಿಯಿದೆ’ ಎಂಬ ತಪ್ಪು ಗ್ರಹಿಕೆ ಅವರಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರ ಓದಿದ ನನ್ನಲ್ಲೂ ಅದು ಕೂತಿತ್ತು. ಅದು ಗೊತ್ತಾದದ್ದು ಅಭ್ಯಾಸ ಬೋಧನೆಗೆ ಹೊರಡುವ ಕೆಲವೇ ದಿನ ಮೊದಲು, ಭಾವನ ಒಂದು ವಿಡಿಯೊ ಕರೆಯಿಂದ.

ಅಕ್ಕ, ಭಾವ ಅಮೆರಿಕದ ಮಿಶಿಗನ್‌ನಲ್ಲಿದ್ದಾರೆ. ಅಲ್ಲಿ ಒಂದು ಹಳೆಯ ಟ್ರಾವೆಲ್ ಟ್ರೇಲರ್ ಕೊಂಡಿದ್ದರು. ಅದು ಮಲಗುವ, ಅಡುಗೆ ಮಾಡುವ ಜಾಗವಿರುವ ಸಣ್ಣ ಮನೆ; ಪಿಕಪ್ ವಾಹನದ ಹಿಂದೆ ಸಿಕ್ಕಿಸಿ ಎಳೆದೊಯ್ಯುವುದು. ಅಷ್ಟು ಭಾರವನ್ನು ಮುಂದಿನ ವಾಹನದ ಬ್ರೇಕೊಂದೇ ತಡೆಯಲಾರದು. ಹಾಗಾಗಿ ಟ್ರೇಲರಿನ ಪ್ರತಿ ಚಕ್ರದ ಡ್ರಮ್ಮಿನೊಳಗೂ ಒಂದು ವಿದ್ಯುತ್ಕಾಂತ ಇರುತ್ತದೆ. ಚಾಲಕ ಬ್ರೇಕ್ ಒತ್ತಿದಾಗ ಅವನ ಬಳಿ ಇರುವ ಕಂಟ್ರೋಲರ್ ಅದಕ್ಕೆ ವಿದ್ಯುತ್ ಕಳಿಸುತ್ತದೆ. ಕಾಂತ ತಿರುಗುತ್ತಿರುವ ಡ್ರಮ್ಮಿನ ಮುಖಕ್ಕೆ ಅಂಟಿ, ಅದರೊಡನೆ ಸ್ವಲ್ಪ ಎಳೆದುಕೊಂಡು ಹೋಗಿ, ಒಂದು ಸನ್ನೆಯ ಮೂಲಕ ಬ್ರೇಕ್ ಶೂಗಳನ್ನು ಡ್ರಮ್ಮಿಗೆ ಒತ್ತುತ್ತದೆ. ಪ್ರವಾಹ ಕಡಿಮೆಯಾದರೆ ಹಿಡಿತವೂ ಕಡಿಮೆ.

ಭಾವನ ಟ್ರೇಲರಿನಲ್ಲಿ ಹಿಡಿತವೇ ಇರಲಿಲ್ಲ. ಕಾಂತದ ತಂತಿಗಳನ್ನು ಬಿಚ್ಚಿ, ಬರುವ ತಂತಿಗಳ ತುದಿಗೆ ಮೀಟರ್ ಹಿಡಿದು ತೋರಿಸಿದರು: 12.3 ವೋಲ್ಟ್. “ನೀನು ಫಿಸಿಕ್ಸ್ ಓದಿದವಳು, ಏನಂತೀಯ?” ಎಂದರು. “ತಂತಿ ಸರಿಯಿದೆ ಭಾವ, ಕಾಂತಗಳೇ ಹೋಗಿವೆ” ಎಂದುಬಿಟ್ಟೆ. ಅವರು ನಾಲ್ಕೂ ಹೊಸದು ಹಾಕಿಸಿದರು. ಬ್ರೇಕ್ ಹಾಗೇ ಇತ್ತು. ಮಕ್ಕಳನ್ನು ಕೂರಿಸಿಕೊಂಡು ಹೋಗಬೇಕಿದ್ದ ಪ್ರವಾಸ ಮುಂದಕ್ಕೆ ಹೋಯಿತು. ಅಕ್ಕ ಅಂದದ್ದನ್ನು ಇಲ್ಲಿ ಬರೆಯುವುದು ಬೇಡ.

ತಪ್ಪು ಹೊಳೆದದ್ದು ಬೋಧನೋಪಕರಣ ಮಾಡುವಾಗ. ಹಲಗೆಯ ಮೇಲೆ ಬೈಕಿನ 12 ವೋಲ್ಟ್ ಬ್ಯಾಟರಿ, 21 ವ್ಯಾಟಿನ ಬ್ರೇಕ್ ಬಲ್ಬು, ಹಲಗೆಯ ಹಿಂದೆ ಸರಣಿಯಲ್ಲಿ 100 ಓಮ್‌ನ ಒಂದು ರೋಧಕ. ಬಲ್ಬು ತೆಗೆದು ಹೋಲ್ಡರಿಗೆ ಮೀಟರ್ ಹಿಡಿದರೆ 12 ವೋಲ್ಟ್. ಬಲ್ಬು ಹಾಕಿ ಹಿಡಿದರೆ ಸೊನ್ನೆಗೆ ತೀರಾ ಹತ್ತಿರ. ಡಿಜಿಟಲ್ ಮೀಟರಿನ ಒಳರೋಧ ಸಾಮಾನ್ಯವಾಗಿ ಕೋಟಿ ಓಮ್‌ನಷ್ಟು. ಅದರ ಮೂಲಕ ಪ್ರವಾಹ ಹರಿಯುವುದೇ ಇಲ್ಲ ಎನ್ನಬಹುದು. ಪ್ರವಾಹವಿಲ್ಲದಿದ್ದರೆ ನಡುವಿನ ಕೆಟ್ಟ ಜೋಡಣೆಯಲ್ಲಿ ವಿಭವಾಂತರ ಕಳೆದುಹೋಗುವುದೂ ಇಲ್ಲ. ಭಾವನ ಕಾಂತಗಳನ್ನು ಬಿಚ್ಚಿಸಿ ಅಳೆಸಿದಾಗ ನಾನು ಮಾಡಿಸಿದ್ದು ಇದನ್ನೇ.

ಆ ರಾತ್ರಿಯೇ ಕರೆ ಮಾಡಿದೆ. ಈ ಸಲ ಮೊದಲು ದೋಷ ಯಾವ ಅರ್ಧದಲ್ಲಿದೆ ಎಂದು ನೋಡಿದೆವು. ಓಡುವಾಗ ಕಳಚಿಕೊಂಡರೆ ತಾನೇ ನಿಲ್ಲಲೆಂದು ಟ್ರೇಲರಿನ ಮೂತಿಯಲ್ಲಿ ಒಂದು ಸ್ವಿಚ್ ಇರುತ್ತದೆ. ಅದರ ಪಿನ್ ಎಳೆದರೆ ಟ್ರೇಲರಿನ ಸ್ವಂತ ಬ್ಯಾಟರಿಯಿಂದ ನಾಲ್ಕೂ ಚಕ್ರಕ್ಕೆ ನೇರ ವಿದ್ಯುತ್. ಮುಂದಿನ ವಾಹನದ ಪ್ಲಗ್ ತೆಗೆದು, ಒಂದು ಚಕ್ರವನ್ನು ಜಾಕ್ ಕೊಟ್ಟು ಎತ್ತಿ, ಉಳಿದವಕ್ಕೆ ಅಡ್ಡ ಇಟ್ಟು ಪಿನ್ ಎಳೆದರು. ಚಕ್ರ ಕೈಯಿಂದ ತಿರುಗಿಸಿದರೆ ಇನ್ನೂ ತಿರುಗುತ್ತಿತ್ತು. ಅಂದರೆ ಕಂಟ್ರೋಲರ್, ಏಳು ಪಿನ್ನಿನ ಪ್ಲಗ್ ಇವುಗಳನ್ನು ಸದ್ಯಕ್ಕೆ ಬಿಡಬಹುದು; ದೋಷ ಹಿಂದೆಯೇ ಇದೆ. (ಪಿನ್ ಹೆಚ್ಚು ಹೊತ್ತು ಎಳೆದಿಡಬಾರದು. ಬ್ಯಾಟರಿ ಇಳಿಯುತ್ತದೆ, ಕಾಂತ ಕಾಯುತ್ತದೆ.)

ಕಾಂತಗಳನ್ನು ಜೋಡಿಸಿಟ್ಟೇ, ಪಿನ್ ಎಳೆದಾಗಲೇ ಅಳೆದೆವು. ಬ್ಯಾಟರಿಯಲ್ಲಿ 12.3. ಕಾಂತದ ಎರಡು ತುದಿಗಳ ನಡುವೆ 6.8 ಮಾತ್ರ. ಉಳಿದದ್ದು ಎಲ್ಲಿ? ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಋಣ ತುದಿಗೆ, ಇನ್ನೊಂದು ಕಾಂತದಿಂದ ಮರಳುವ ತಂತಿಗೆ ಹಿಡಿಸಿದೆ. ಸರಿಯಿದ್ದರೆ ಸೊನ್ನೆಯ ಹತ್ತಿರ ಇರಬೇಕು. ಬಂದದ್ದು 4.9. ಮರಳುವ ತಂತಿಗಳನ್ನೆಲ್ಲ ಟ್ರೇಲರಿನ ಕಬ್ಬಿಣದ ಚೌಕಟ್ಟಿಗೆ ಒಂದೇ ಸ್ಕ್ರೂನಿಂದ ಬಿಗಿದಿದ್ದರು. ಚಳಿಗಾಲದಲ್ಲಿ ಅಲ್ಲಿನ ರಸ್ತೆಗಳಿಗೆ ಉಪ್ಪು ಹಾಕುತ್ತಾರೆ. ಸ್ಕ್ರೂ ತುಕ್ಕು ಹಿಡಿದಿತ್ತು. ಭಾವ ಮುಟ್ಟಿ ನೋಡಿ “ಇದು ಬಿಸಿಯಾಗಿದೆಯಲ್ಲೇ!” ಎಂದರು.

ಲೆಕ್ಕ ಹತ್ತನೆಯ ತರಗತಿಯದೇ. ಪ್ರತಿ ಕಾಂತದ ರೋಧ ಸುಮಾರು 3.2 ಓಮ್. ನಾಲ್ಕು ಸಮಾಂತರದಲ್ಲಿ ಇರುವುದರಿಂದ ಒಟ್ಟು 0.8 ಓಮ್. 12.3 ವೋಲ್ಟಿಗೆ 15 ಆಂಪಿಯರ್ ಹರಿಯಬೇಕಿತ್ತು, ಹರಿಯುತ್ತಿದ್ದದ್ದು 6.8 ಭಾಗ 0.8, ಅಂದರೆ 8.5. ಸ್ಕ್ರೂವಿನ ರೋಧ 4.9 ಭಾಗ 8.5, ಅರ್ಧ ಓಮ್‌ಗಿಂತ ಸ್ವಲ್ಪ ಹೆಚ್ಚು. ಅಲ್ಲಿ 40 ವ್ಯಾಟ್‌ಗೂ ಮೇಲೆ ಶಾಖವಾಗಿ ಹೋಗುತ್ತಿತ್ತು. ಮನೆಯ ವೈರಿಂಗಿನಲ್ಲಿ ಅರ್ಧ ಓಮ್ ಅನ್ನು ಯಾರೂ ಲೆಕ್ಕಕ್ಕೆ ತಗೊಳ್ಳದೇ ಇರಬಹುದು. ಅಗ್ಗದ ಮೀಟರಿನ ಕಡ್ಡಿಗಳ ತಂತಿಯೇ ಅಷ್ಟು ತೋರಿಸೀತು. ಕಡಿಮೆ ವೋಲ್ಟೇಜು, ಹೆಚ್ಚು ಪ್ರವಾಹದ ಮಂಡಲದಲ್ಲಿ ಅದೇ ಅರ್ಧ ಬ್ರೇಕನ್ನು ತಿಂದುಹಾಕುತ್ತದೆ.

ಭಾವ ಬಣ್ಣ, ತುಕ್ಕು ಕೆರೆದು ಹೊಳೆಯುವ ಲೋಹ ಕಾಣಿಸಿ, ಹೊಸ ಬೋಲ್ಟಿನಿಂದ ಬಿಗಿದು ಮೇಲೆ ಗ್ರೀಸ್ ಹಚ್ಚಿದರು. ಕಾಂತದಲ್ಲಿ 11.4 ವೋಲ್ಟ್ ಬಂತು. ಪಿನ್ ಎಳೆದರೆ ಚಕ್ರ ಅಲುಗಲಿಲ್ಲ.

ತರಗತಿಯಲ್ಲಿ ಟ್ರೇಲರ್ ಕಥೆಯನ್ನು ಮೊದಲು ಹೇಳಲಿಲ್ಲ. ಹಲಗೆ ಮುಂದಿಟ್ಟು, ಬಲ್ಬು ಏಕೆ ಹತ್ತುತ್ತಿಲ್ಲ ಎಂದು ಕೇಳಿದೆ. ಬಲ್ಬು ಸುಟ್ಟಿದೆ ಎಂದರು. ಬೇರೆ ಬಲ್ಬು ಹಾಕಿದೆ. ಮೀಟರ್ ಕೆಟ್ಟಿದೆ ಎಂದರು. ಬೇರೆ ಮೀಟರ್ ಕೊಟ್ಟೆ. ಸುಮಾರು ಹತ್ತು ನಿಮಿಷ ಇದರಲ್ಲೇ ಹೋಯಿತು. ಪಾಠ ವೀಕ್ಷಿಸುತ್ತಿದ್ದ ಉಪನ್ಯಾಸಕರು ಗಡಿಯಾರ ನೋಡಿಕೊಂಡರು. ಪಾಠ ಯೋಜನೆಯಲ್ಲಿ ಇದಕ್ಕೆ ನಾಲ್ಕು ನಿಮಿಷ ಬರೆದಿದ್ದೆ. ಆದರೂ ಉತ್ತರ ನಾನು ಹೇಳಬಾರದು ಎಂದು ಸುಮ್ಮನಿದ್ದೆ. ಕೊನೆಗೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದ: “ಮಿಸ್, ನಮ್ ತೋಟದ ಪೈಪಲ್ಲಿ ಕಸ ಸಿಕ್ಕೊಂಡಿದ್ರೂ ವಾಲ್ವ್ ಮುಚ್ಚಿದಾಗ ಪ್ರೆಶರ್ ಫುಲ್ ಇರುತ್ತೆ. ತೆಗೆದ್ರೆ ತೊಟ್ಟಿಕ್ಕುತ್ತೆ. ಹಲಗೆ ಹಿಂದೆ ಏನಿದೆ ತೋರ್ಸಿ.”

ಹಲಗೆ ತಿರುಗಿಸಿದೆ. ಆಮೇಲೆ ಭಾವನ ಮೂರು ಅಳತೆಗಳನ್ನು ಕಪ್ಪುಹಲಗೆಯ ಮೇಲೆ ಬರೆದು, ತುಕ್ಕು ಎಲ್ಲಿದೆ ಎಂದು ಕೇಳಿದೆ. ಹೆಚ್ಚಿನವರು ಸರಿಯಾಗಿ ಹೇಳಿದರು. 6.8ಕ್ಕೆ 4.9 ಕೂಡಿಸಿದರೆ 11.7 ಆಗುತ್ತದೆ, ಉಳಿದ 0.6 ಎಲ್ಲಿ ಹೋಯಿತು ಎಂದು ಒಬ್ಬಳು ಕೇಳಿದಳು. ಅದು ಕಾಂತದವರೆಗೆ ಹೋಗುವ ತಂತಿಯಲ್ಲಿ.

ಈ ಹಲಗೆ ಮಾಡುವವರಿಗೆ ಒಂದು ಮಾತು: ರೋಧಕ 5 ವ್ಯಾಟಿನದಿರಲಿ. ಮೊದಲು ನಾನು ಹಾಕಿದ್ದ ಕಾಲು ವ್ಯಾಟಿನದು ಹೊಗೆಯಾಡಿ ಹೋಯಿತು.