ಬಾಡಿಗೆ ಬಾರದ ಮನೆಗೂ ಬಾಡಿಗೆಯ ಲೆಕ್ಕ

ಪ್ರಶ್ನೆ: ಕೀಲ್ಪಾಕ್‌ನಲ್ಲಿ ಸ್ವಂತ ಮನೆಯಲ್ಲೇ ಇದ್ದೇವೆ. ಆದರೂ ಆಸ್ತಿ ತೆರಿಗೆಯಲ್ಲಿ ‘ಬಾಡಿಗೆ ಮೌಲ್ಯ’ ಏಕೆ ಬರುತ್ತದೆ?

ಗ್ರೇಟರ್ ಚೆನ್ನೈ ಕಾರ್ಪೊರೇಷನ್ ತೆರಿಗೆ ಹಾಕುವುದು ಮನೆ ಮಾರಿದರೆ ಸಿಗುವ ಬೆಲೆಯ ಮೇಲಲ್ಲ, ಬಾಡಿಗೆಗೆ ಕೊಟ್ಟಿದ್ದರೆ ವರ್ಷಕ್ಕೆ ಬರಬಹುದಾದ ಮೊತ್ತದ ಮೇಲೆ. ಮಲ್ಲಿಗೆಗೆ ಮೊಳಕ್ಕಿಷ್ಟು ಎಂದು ದರವಿರುವಂತೆ, ಇಲ್ಲಿ ಪ್ರತಿ ಬೀದಿಗೂ ಚದರಡಿಗಿಷ್ಟು ಎಂಬ ಮೂಲದರವಿದೆ. ದೇವಸ್ಥಾನದ ಬೀದಿಯಲ್ಲಿ ಅದೇ ಮೊಳಕ್ಕೆ ಹೆಚ್ಚು ಬೆಲೆ ಇರುವಂತೆ ಬೀದಿ ಬದಲಾದರೆ ದರವೂ ಬದಲು. ಕಟ್ಟಡದ ವಿಸ್ತೀರ್ಣವನ್ನು ಆ ದರದಿಂದ ಗುಣಿಸಿದರೆ ತಿಂಗಳ ಬಾಡಿಗೆ ಮೌಲ್ಯ; ಅದನ್ನು ವರ್ಷಕ್ಕೆ ಲೆಕ್ಕ ಹಾಕಿ, ಸಲ್ಲುವ ಕಡಿತಗಳನ್ನು ಕಳೆದರೆ ವಾರ್ಷಿಕ ಮೌಲ್ಯ. ಅದರ ನಿಗದಿತ ಪಾಲನ್ನು ಅರ್ಧವರ್ಷಕ್ಕೊಮ್ಮೆ ಕಟ್ಟಬೇಕು.

ಬಾರದ ಬಾಡಿಗೆಗೆ ತೆರಿಗೆ ಅನ್ಯಾಯವಲ್ಲವೇ ಎನ್ನಬಹುದು. ಆದರೆ ರಸ್ತೆ, ಬೀದಿದೀಪ, ಕಸ ವಿಲೇವಾರಿಯ ಅನುಕೂಲ ಮಾಲೀಕರಿಗೂ ಬಾಡಿಗೆದಾರರಿಗೂ ಒಂದೇ. ಮಾರುಕಟ್ಟೆ ಬೆಲೆಯನ್ನೇ ಹಿಡಿದಿದ್ದರೆ ಕೀಲ್ಪಾಕ್‌ನ ಹಳೆಯ ಪಿಂಚಣಿದಾರರ ಗತಿ ಇನ್ನೂ ಕಷ್ಟವಾಗುತ್ತಿತ್ತು. ನನ್ನ ಆಕ್ಷೇಪ ಬೇರೆ: 1998ರ ನಂತರ ಹಳೆಯ ಚೆನ್ನೈನಲ್ಲಿ ದರವನ್ನು ಮುಟ್ಟದೆ, 2022ರಲ್ಲಿ 600 ಚದರಡಿಯೊಳಗಿನ ಮನೆಗೆ ಶೇ 50, 1,800 ದಾಟಿದ್ದಕ್ಕೆ ಶೇ 150 ಏರಿಸಲಾಯಿತು. ದೊಡ್ಡ ಮನೆಗೆ ಹೆಚ್ಚು ಹೊರೆ ಸರಿಯೇ. 24 ವರ್ಷದ ಬಾಕಿಯನ್ನು ಒಂದೇ ಏಟಿಗೆ ಹೇರಿದ್ದು ಸರಿಯಲ್ಲ.